ಹಳೆಯ ಮೋಟಾರು ದೋಣಿಯ ಜೀರ್ಣೋದ್ಧಾರ: ಒಂದು ಲೆಕ್ಕದ ಪಾಠ

ಹಳೆಯ ಯಂತ್ರೋಪಕರಣಗಳನ್ನು ದುರಸ್ತಿ ಮಾಡಿಸಿ ಮತ್ತೆ ಬಳಕೆಗೆ ತರುವುದು ನಮ್ಮ ಸಣ್ಣ ಉದ್ಯಮಿಗಳಿಗೆ ಹೊಸ ವಿಷಯವೇನಲ್ಲ. ಹೊಸದನ್ನು ಕೊಳ್ಳುವ ಶಕ್ತಿಯಿಲ್ಲದಿರುವಾಗ ಇರುವುದನ್ನೇ ಸರಿಪಡಿಸಿಕೊಳ್ಳುವುದು ಜಾಣತನವೇ ಸರಿ. ಆದರೆ ಹೀಗೆ ಉಳಿತಾಯ ಮಾಡಹೊರಟವರಲ್ಲಿ ಕೆಲವರು ಕೊನೆಗೆ ಹೊಸದರ ಬೆಲೆಯನ್ನೇ ತೆತ್ತು, ಹಳೆಯದನ್ನೇ ಇಟ್ಟುಕೊಂಡಿರುವುದನ್ನು ಲೆಕ್ಕಪರಿಶೋಧಕನಾಗಿ ನಾನು ಕಂಡಿದ್ದೇನೆ. ಮೂಗಿಗಿಂತ ಮೂಗುತಿ ಭಾರ ಎಂಬ ಮಾತು ಅಲ್ಲಿಗೆ ಸರಿಯಾಗಿ ಒಪ್ಪುತ್ತದೆ. ಅಂತಹ ಅಪಾಯದ ಅಂಚಿಗೆ ಹೋಗಿ ಮರಳಿದ ಒಂದು ದೋಣಿಯ ಕಥೆಯನ್ನು ಸದಸ್ಯ ಬಂಧುಗಳ ಮುಂದಿಡಲು ಬಯಸುತ್ತೇನೆ. ಅದನ್ನು ಆ ಅಂಚಿಗೆ ಒಯ್ದ ಸಲಹೆ ನನ್ನದೇ ಆಗಿತ್ತು ಎಂಬುದನ್ನು ಮೊದಲಿಗೇ ಒಪ್ಪಿಕೊಳ್ಳುವುದು ಲೇಸು.

ನಾಲ್ಕು ಲಕ್ಷದ ಠೇವಣಿ

ಕುಂದಾಪುರದ ಆಸುಪಾಸಿನಲ್ಲಿ ಮಂಜುಗಡ್ಡೆ ತಯಾರಿಕಾ ಘಟಕವನ್ನು ಪಾಲುದಾರಿಕೆಯಲ್ಲಿ ನಡೆಸುವ ಸಹೋದರರಿಬ್ಬರು ನನ್ನ ಹಳೆಯ ಕಕ್ಷಿದಾರರು. ಅವರ ದಿವಂಗತ ತಂದೆಯವರು ಪಂಚಗಂಗಾವಳಿ ಹೊಳೆಯಲ್ಲಿ ಹಂಚು, ಅಕ್ಕಿ, ತೆಂಗಿನಕಾಯಿ ಸಾಗಿಸಲು ಬಳಸುತ್ತಿದ್ದ 28 ಅಡಿ ಉದ್ದದ ಮರದ ಮೋಟಾರು ದೋಣಿಯೊಂದು ಒಂಬತ್ತು ವರ್ಷಗಳಿಂದ ಹೊಳೆಬದಿಯ ಕೊಟ್ಟಿಗೆಯಲ್ಲಿ ಬಿದ್ದಿತ್ತು. ತಮ್ಮನವರು ಹೊಳೆದಂಡೆಯಲ್ಲಿ ಸಣ್ಣದೊಂದು ಅತಿಥಿಗೃಹವನ್ನು ಆರಂಭಿಸಿದ್ದರು. ದೋಣಿಯನ್ನು ಸರಿಪಡಿಸಿ ಅತಿಥಿಗಳನ್ನು ಹೊಳೆಯಲ್ಲಿ ಸುತ್ತಾಡಿಸಬೇಕೆಂಬುದು ಅವರ ಆಸೆ. ಗುಜರಿಯವರು 35,000 ರೂಪಾಯಿ ಕೊಡಲು ಸಿದ್ಧರಿರುವಾಗ ಕೊಟ್ಟು ಕೈತೊಳೆದುಕೊಳ್ಳೋಣವೆಂಬುದು ಅಣ್ಣನವರ ವಾದ.

ಈ ಜಿಜ್ಞಾಸೆಯನ್ನು ಬಿಡಿಸಿದವರು ಅವರ ತಾಯಿ. ತಮ್ಮ ಹೆಸರಿನಲ್ಲಿದ್ದ 4 ಲಕ್ಷ ರೂಪಾಯಿಯ ಠೇವಣಿಯನ್ನು ಸಂಸ್ಥೆಗೆ ಸಾಲವಾಗಿ ಕೊಡಲು ಅವರು ಒಪ್ಪಿದರು. "ಇಷ್ಟರಲ್ಲಿ ಆಗುವುದಾದರೆ ಮಾಡಿ ಮಕ್ಕಳೇ, ಇದರ ಮೇಲೆ ನನ್ನ ಹತ್ತಿರ ಇಲ್ಲ" ಎಂದರು. ಅವರಿಗೆ ಇದ್ದ ಉಳಿತಾಯವೆಂದರೆ ಅದೊಂದೇ.

ಮಾರ್ಚ್ ತಿಂಗಳ ಅವಸರ

2022ರ ಮಾರ್ಚ್ ಮೊದಲ ವಾರದಲ್ಲಿ ನನ್ನ ಕಚೇರಿಯಲ್ಲಿ ಅಂದಾಜುಪಟ್ಟಿ ಸಿದ್ಧವಾಯಿತು. ಹೊಸ ಡೀಸೆಲ್ ಎಂಜಿನ್ನಿಗೆ 1,60,000, ಮರದ ಕೆಲಸಕ್ಕೆ 90,000, ಬಣ್ಣ ಮತ್ತು ಆಸನಗಳಿಗೆ 80,000, ವಿದ್ಯುತ್ ಜೋಡಣೆ, ಚುಕ್ಕಾಣಿ, ಪಂಪುಗಳಿಗೆ 40,000, ನೋಂದಣಿ, ತಪಾಸಣೆ, ವಿಮೆ ಮತ್ತು ಸುರಕ್ಷಾ ಸಾಮಗ್ರಿಗೆ 30,000. ಒಟ್ಟು ಸರಿಯಾಗಿ 4 ಲಕ್ಷ. ಪಟ್ಟಿ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ, ಅನಿರೀಕ್ಷಿತ ವೆಚ್ಚಕ್ಕೆ ಒಂದು ರೂಪಾಯಿಯನ್ನೂ ಮೀಸಲಿಟ್ಟಿರಲಿಲ್ಲ. ಇದು ನನ್ನ ಮೊದಲ ತಪ್ಪು.

ಎರಡನೆಯದು ಇನ್ನೂ ದೊಡ್ಡದು. ಎಂಜಿನ್ ಮಾರಾಟಗಾರರು ಮಾರ್ಚ್ ಅಂತ್ಯದವರೆಗೆ ರಿಯಾಯಿತಿ ಘೋಷಿಸಿದ್ದರು. ಮಾರ್ಚ್ 31ರೊಳಗೆ ಖರೀದಿಸಿ, ಒಂದು ದಿನವಾದರೂ ದೋಣಿಯನ್ನು ವ್ಯವಹಾರಕ್ಕೆ ಬಳಸಿದರೆ ಆ ವರ್ಷವೇ ಅರ್ಧ ಸವಕಳಿ ದೊರೆಯುತ್ತದೆಂದು ನಾನು ಸೂಚಿಸಿದೆ. ಸ್ವತ್ತನ್ನು 180 ದಿನಗಳಿಗಿಂತ ಕಡಿಮೆ ಬಳಸಿದ ಮೊದಲ ವರ್ಷದಲ್ಲಿ ಅರ್ಧ ದರದ ಸವಕಳಿ ಸಿಗುವುದು ನಿಜ. ಆದರೆ ಬಳಕೆ ಆಗಿರಬೇಕು. 1,60,000 ರೂಪಾಯಿಗೆ ಶೇಕಡಾ 20ರ ಅರ್ಧವೆಂದರೆ 16,000. ಅದರಿಂದ ಪಾಲುದಾರಿಕೆ ಸಂಸ್ಥೆಗೆ ಉಳಿಯುತ್ತಿದ್ದ ತೆರಿಗೆ ಸುಮಾರು 5,000 ರೂಪಾಯಿ. ಆ 5,000ದ ಆಸೆಗೆ ಎಂಜಿನ್ ಬಂದಿತು. ದೋಣಿ ಮಾತ್ರ ಆ ವರ್ಷ ನೀರಿಗಿಳಿಯಲಿಲ್ಲ, ಸವಕಳಿಯೂ ಸಿಗಲಿಲ್ಲ.

ತಳದೊಳಗಿನ ಸತ್ಯ

ಏಪ್ರಿಲ್‌ನಲ್ಲಿ ದೋಣಿ ಕಟ್ಟುವ ಹಿರಿಯ ಆಚಾರ್ಯರೊಬ್ಬರನ್ನು ಕರೆತರಲಾಯಿತು. ಹೊರಗಿನ ಹಲಗೆಗಳು ನೋಡಲು ಗಟ್ಟಿಯಾಗಿದ್ದವು. ಬಣ್ಣವೂ ಅಲ್ಲಲ್ಲಿ ಉಳಿದಿತ್ತು. ಅವರು ಹೊರಗೆ ನೋಡಲೇ ಇಲ್ಲ. ನೇರವಾಗಿ ಒಳಗಿಳಿದು, ತಳದ ಹಲಗೆಗಳನ್ನು ಎಬ್ಬಿಸಿ, ಸುತ್ತಿಗೆಯಿಂದ ಮೆಲ್ಲನೆ ಬಡಿಯುತ್ತ ಶಬ್ದವನ್ನು ಆಲಿಸಿದರು. ಶಬ್ದ ಮಂಕಾದಲ್ಲೆಲ್ಲ ದಬ್ಬಳದಿಂದ ಚುಚ್ಚಿದರು. ದಬ್ಬಳ ಬೆಣ್ಣೆಯೊಳಗೆ ಇಳಿದಂತೆ ಇಳಿಯಿತು. ಕೊಟ್ಟಿಗೆಯ ಮಾಡು ಸೋರಿ, ಒಂಬತ್ತು ಮಳೆಗಾಲದ ನೀರು ತಳದಲ್ಲಿ ನಿಂತಿತ್ತು. ಮರದ ದೋಣಿಗೆ ಉಪ್ಪುನೀರಿಗಿಂತ ಮಳೆಯ ಸಿಹಿನೀರೇ ಹೆಚ್ಚು ಕೇಡು ಮಾಡುತ್ತದೆ. ಮರವನ್ನು ಕೊಳೆಸುವ ಶಿಲೀಂಧ್ರವನ್ನು ಉಪ್ಪು ತಡೆದರೆ ಸಿಹಿನೀರು ಬೆಳೆಸುತ್ತದೆ. ಕಬ್ಬಿಣದ ಮೊಳೆಗಳು ತುಕ್ಕು ಹಿಡಿದು ಸುತ್ತಲಿನ ಮರವೂ ಕಪ್ಪಾಗಿತ್ತು. ಎಂಜಿನ್ ಕೂರಿಸುವ ತೊಲೆಗಳಲ್ಲಿ ಒಂದು ಪೂರ್ತಿ ಟೊಳ್ಳಾಗಿತ್ತು.

"ಎಂಜಿನ್ ಹೊಸತು ಬಂತು ಮಾರಾಯ್ರೇ, ಕೂರಿಸುವುದು ಯಾವ ಮರದ ಮೇಲೆ?" ಎಂದು ಅವರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. 90,000 ಎಂದು ನಾವು ಬರೆದಿದ್ದ ಮರದ ಕೆಲಸಕ್ಕೆ ಅವರ ಅಂದಾಜು 2,10,000.

ಹೋದ ಹಣ ಮತ್ತು ಹೋಗಬೇಕಾದ ಹಣ

ಅಂದು ಸಂಜೆ ಅಣ್ಣತಮ್ಮಂದಿರು ಪಕ್ಷ ಬದಲಿಸಿಕೊಂಡಿದ್ದರು. ಗುಜರಿಗೆ ಕೊಡೋಣವೆನ್ನುತ್ತಿದ್ದ ಅಣ್ಣನವರು, "ಒಂದು ಲಕ್ಷದ ಅರವತ್ತು ಸಾವಿರ ಹಾಕಿ ಆಗಿದೆ, ಇನ್ನು ಬಿಡುವುದು ಹೇಗೆ?" ಎಂದರು. ತಮ್ಮನವರು ಕುಸಿದು ಕುಳಿತಿದ್ದರು. ವ್ಯಾಪಾರದಲ್ಲಿ ನಷ್ಟವನ್ನು ಬೆಳೆಸುವ ವಾಕ್ಯವೆಂದರೆ "ಇಷ್ಟು ಹಾಕಿ ಆಗಿದೆ" ಎಂಬುದೇ. ಹೋದ ಹಣವು ಮುಂದಿನ ನಿರ್ಧಾರದ ಲೆಕ್ಕದಲ್ಲಿ ಬರಬಾರದು. ಇನ್ನೆಷ್ಟು ಹಾಕಬೇಕು, ಅದಕ್ಕೆ ಬರುವುದೇನು ಎಂಬ ಎರಡು ಅಂಕಿಗಳು ಮಾತ್ರ ಮುಖ್ಯ.

ಹೊಸದಾಗಿ ಲೆಕ್ಕ ಹಾಕಿದೆವು. ಪೆಟ್ಟಿಗೆ ಬಿಚ್ಚದ ಎಂಜಿನ್ನನ್ನು 30,000 ರೂಪಾಯಿ ಕಡಿತದೊಂದಿಗೆ ಹಿಂದಕ್ಕೆ ಪಡೆಯಲು ಮಾರಾಟಗಾರರು ಒಪ್ಪಿದರು. ಹಳೆಯ ಎಂಜಿನ್ನನ್ನು ಮೆಕ್ಯಾನಿಕ್ ಬಿಚ್ಚಿ ನೋಡಿದಾಗ ಅದರ ಬ್ಲಾಕು ಸುಸ್ಥಿತಿಯಲ್ಲಿತ್ತು. ಪಿಸ್ಟನ್, ರಿಂಗು, ಲೈನರು, ನಾಜಲುಗಳನ್ನು ಬದಲಿಸಲು 58,000 ಸಾಕೆಂದರು. ಬಣ್ಣ ಮತ್ತು ಆಸನಗಳ ಬಾಬತ್ತನ್ನು 34,000ಕ್ಕೆ ಇಳಿಸಿದೆವು. ಜೋಡಣೆಗಳಿಗೆ 42,000, ನೋಂದಣಿ ಮೊದಲಾದವುಗಳಿಗೆ 38,000. ಇನ್ನು ಹಾಕಬೇಕಾದದ್ದು 3,82,000. ಎಂಜಿನ್ನಿನಿಂದ ಮರಳುವ 1,30,000 ಕಳೆದರೆ 2,52,000. ಬಿಟ್ಟುಕೊಡುವ ಗುಜರಿ ಬೆಲೆ 35,000 ಸೇರಿಸಿದರೆ 2,87,000. ಅದೇ ಗಾತ್ರದ ಹೊಸ ಫೈಬರ್ ದೋಣಿಗೆ ಅವರಿಗೆ ದೊರೆತಿದ್ದ ದರ ಎಂಟೂವರೆ ಲಕ್ಷ. ವರ್ಷಕ್ಕೆ 90,000 ನಿವ್ವಳ ಆದಾಯ ಬರಬಹುದೆಂದು ತಮ್ಮನವರ ನಿರೀಕ್ಷೆ. ಕೆಲಸ ಮುಂದುವರಿಸುವುದು ಸಮರ್ಥನೀಯವಾಗಿತ್ತು. ಆದರೆ ಒಟ್ಟು ವೆಚ್ಚ 4,50,000 ದಾಟಿದರೆ ಎಲ್ಲಿದೆಯೋ ಅಲ್ಲಿಗೇ ನಿಲ್ಲಿಸಿ ಮಾರತಕ್ಕದ್ದು, ತಾಯಿಯವರ 4 ಲಕ್ಷದ ಮೇಲಿನ ವೆಚ್ಚವನ್ನು ಸಹೋದರರೇ ಸಮನಾಗಿ ಭರಿಸತಕ್ಕದ್ದು ಎಂದು ಬರೆದು ಇಬ್ಬರ ಸಹಿ ಪಡೆದೆ.

ಕೆಲಸದ ಅನುಕ್ರಮ

ಆಚಾರ್ಯರು ಹಾಕಿಕೊಟ್ಟ ಕ್ರಮ ಸರಳವಾಗಿತ್ತು: ಮೊದಲು ತಳ, ಆಮೇಲೆ ಎಂಜಿನ್, ಕೊನೆಗೆ ಬಣ್ಣ. ಕೊಳೆತ ಭಾಗವನ್ನು ಗಟ್ಟಿ ಮರ ಸಿಗುವವರೆಗೂ ಕತ್ತರಿಸಿ ತೆಗೆದು, ರಸೀದಿ ಸಮೇತ ತಂದ ಹೆಬ್ಬಲಸಿನ ಹಲಗೆಗಳನ್ನು ಕೂರಿಸಿದರು. ಇಡೀ ದೋಣಿಗೆ ಹೊರಗಿನಿಂದ ಫೈಬರ್ ಹೊದಿಸಿಬಿಟ್ಟರೆ ಅಗ್ಗವಲ್ಲವೇ ಎಂದು ಯಾರೋ ಸೂಚಿಸಿದ್ದರು. ಒದ್ದೆ ಮರದ ಮೇಲೆ ಹೊದಿಸಿದ ಫೈಬರ್ ಸರಿಯಾಗಿ ಅಂಟುವುದಿಲ್ಲ. ತೇವವು ಒಳಗೇ ಸಿಕ್ಕಿಕೊಂಡು ಕೊಳೆತ ಮುಂದುವರಿಯುತ್ತದೆ. ಆ ಸಲಹೆಯನ್ನು ಆಚಾರ್ಯರು ಒಪ್ಪಲಿಲ್ಲ.

ಸಂದುಗಳಿಗೆ ಹತ್ತಿಯ ಎಳೆ ತುಂಬುವಾಗಲೂ ಅವರು ಬಿಗಿಯಾಗಿ ಬಡಿಯಗೊಡಲಿಲ್ಲ. ವರ್ಷಗಟ್ಟಲೆ ಒಣಗಿದ ಹಲಗೆಗಳು ನೀರು ಕುಡಿದು ಉಬ್ಬುತ್ತವೆ. ಆಗ ಜಾಗವಿಲ್ಲದಿದ್ದರೆ ಹಲಗೆಗಳೇ ಕಿತ್ತುಬರುತ್ತವೆ. ಮಳೆಗಾಲ ಕಳೆದು ಕೆಲಸ ಮುಗಿಸಿ, 2023ರ ಜನವರಿಯಲ್ಲಿ ದೋಣಿಯನ್ನು ನೀರಿಗಿಳಿಸಿದಾಗ ಮೊದಲ ದಿನ ಚೆನ್ನಾಗಿಯೇ ಸೋರಿತು. ಅಣ್ಣನವರ ಮುಖ ಕಪ್ಪಿಟ್ಟಿತು. ಪಂಪು ಹಚ್ಚಿ ಕಾದೆವು. ನಾಲ್ಕನೆಯ ದಿನಕ್ಕೆ ಸೋರುವುದು ನಿಂತಿತು. ಎಂಜಿನ್ ಮತ್ತು ಪ್ರೊಪೆಲ್ಲರ್ ಶಾಫ್ಟಿನ ಜೋಡಣೆಯನ್ನು ಕೊನೆಯದಾಗಿ ಸರಿಹೊಂದಿಸಿದ್ದು ಆ ಬಳಿಕವೇ. ನೀರಿಗಿಳಿದ ಮರದ ದೋಣಿಯ ಆಕಾರ ಸ್ವಲ್ಪ ಬದಲಾಗುವುದರಿಂದ ದಡದಲ್ಲಿ ಸರಿಯಿದ್ದ ಜೋಡಣೆ ನೀರಿನಲ್ಲಿ ಸರಿಯಿರುವುದಿಲ್ಲ.

ಲೆಕ್ಕಪುಸ್ತಕದಲ್ಲಿ ದೋಣಿ

ಇಂತಹ ವೆಚ್ಚವನ್ನು ಪೂರ್ತಿಯಾಗಿ ದುರಸ್ತಿ ಖರ್ಚೆಂದು ಅದೇ ವರ್ಷ ಕಳೆಯಬಹುದೇ ಎಂದು ಹಲವರು ಕೇಳುತ್ತಾರೆ. ಆಗುವುದಿಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ 31ನೇ ಕಲಂ ಅವಕಾಶ ಕೊಟ್ಟಿದ್ದುದು ಚಾಲ್ತಿ ದುರಸ್ತಿಗೆ ಮಾತ್ರ, ಅಂದರೆ ಬಳಕೆಯಲ್ಲಿರುವ ಸ್ವತ್ತನ್ನು ಇದ್ದ ಸ್ಥಿತಿಯಲ್ಲಿ ಕಾಪಾಡಿಕೊಳ್ಳುವ ವೆಚ್ಚಕ್ಕೆ. 1997ರಲ್ಲಿ ಬಲ್ಲಿಮಲ್ ನವಲ್ ಕಿಶೋರ್ ಪ್ರಕರಣದಲ್ಲಿ ಚಿತ್ರಮಂದಿರವೊಂದರ ಸಮಗ್ರ ನವೀಕರಣವನ್ನು ಚಾಲ್ತಿ ದುರಸ್ತಿಯೆಂದು ಒಪ್ಪಲು ಸರ್ವೋಚ್ಚ ನ್ಯಾಯಾಲಯ ನಿರಾಕರಿಸಿತು. ಒಂಬತ್ತು ವರ್ಷ ಬಿದ್ದಿದ್ದ ದೋಣಿಗೆ ಮರುಜೀವ ಕೊಡುವ ವೆಚ್ಚವು ಬಂಡವಾಳ ಸ್ವರೂಪದ್ದು. ಸವಕಳಿಯ ಮೂಲಕವೇ ಅದನ್ನು ವರ್ಷವರ್ಷ ಕಳೆಯಬೇಕು. 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಕಾಯ್ದೆಯಲ್ಲಿ ಕಲಂ ಸಂಖ್ಯೆಗಳು ಬದಲಾಗಿವೆಯಾದರೂ ಈ ವ್ಯತ್ಯಾಸ ಉಳಿದಿದೆ.

ಜಿಎಸ್‌ಟಿಯಲ್ಲಿ ದೋಣಿಯ ಖರೀದಿ, ದುರಸ್ತಿ, ವಿಮೆಗಳ ಮೇಲಿನ ಹೂಡುವಳಿ ತೆರಿಗೆ ಜಮೆಗೆ 17(5)ನೇ ಕಲಮಿನ ನಿರ್ಬಂಧವಿದೆ. ಪ್ರಯಾಣಿಕರ ಅಥವಾ ಸರಕಿನ ಸಾಗಣೆಗೆ ಬಳಸಿದರೆ ಈ ನಿರ್ಬಂಧವಿಲ್ಲ. ಆದರೆ ಕೊಡುವ ಸೇವೆಯೇ ತೆರಿಗೆಯಿಂದ ವಿನಾಯಿತಿ ಪಡೆದಿದ್ದರೆ ಜಮೆಯೂ ಸಿಗದು. ಆದ್ದರಿಂದ ಅಂದಾಜುಪಟ್ಟಿಯನ್ನು ತೆರಿಗೆ ಸಹಿತವಾಗಿಯೇ ಹಾಕಿಕೊಳ್ಳುವುದು ಕ್ಷೇಮ. 1917ರ ಹಳೆಯ ಕಾಯ್ದೆಯ ಬದಲಿಗೆ 2022ರಲ್ಲಿ ಜಾರಿಗೆ ಬಂದ 2021ರ ಒಳನಾಡು ಹಡಗುಗಳ ಕಾಯ್ದೆಯಡಿ ಯಾಂತ್ರೀಕೃತ ದೋಣಿಗೆ ನೋಂದಣಿ, ತಪಾಸಣೆ, ವಿಮೆಗಳೂ ಬೇಕು. ಇವನ್ನು ಮೊದಲ ದಿನವೇ ವಿಚಾರಿಸಿಟ್ಟುಕೊಳ್ಳಬೇಕು. ಬಣ್ಣ ಬಳಿದ ಮೇಲೆ ಅಲ್ಲ.

ಫಲಿತಾಂಶ

ಅಂತಿಮ ಮೊತ್ತ 4,12,000 ಆಯಿತು. ಮಿತಿಯ ಒಳಗೇ ಉಳಿದೆವು. ಅದರಲ್ಲಿ 30,000 ನನ್ನ ಮಾರ್ಚ್ ತಿಂಗಳ ಸಲಹೆಯ ಬೆಲೆ. 5,000 ಉಳಿಸಹೋಗಿ ತೆತ್ತದ್ದು. ಆ ವರ್ಷ ಅವರಿಂದ ನಾನು ಶುಲ್ಕ ಪಡೆಯಲಿಲ್ಲ.

ಆದಾಯವು ನಿರೀಕ್ಷೆಯಷ್ಟು ಬರಲಿಲ್ಲ. ಮಳೆಗಾಲದಲ್ಲಿ ದೋಣಿ ಓಡುವುದಿಲ್ಲ. ವರ್ಷಕ್ಕೊಮ್ಮೆ ದಡಕ್ಕೇರಿಸಿ ತಳ ಕೆರೆದು ಬಣ್ಣ ಹಚ್ಚಲು ಹಣ ತೆಗೆದಿಡಬೇಕು. ಇವೆಲ್ಲ ಕಳೆದು, ಜೊತೆಗೆ ಬ್ಯಾಂಕಿನಷ್ಟೇ ಬಡ್ಡಿಯನ್ನು ತಾಯಿಯವರಿಗೆ ಕೊಟ್ಟು, 2025ರ ಮಾರ್ಚ್ ವೇಳೆಗೆ ಉಳಿದ ಒಟ್ಟು ಮೊತ್ತ 1,71,000. ಅದರಲ್ಲಿ ಒಂದೂವರೆ ಲಕ್ಷ ತಾಯಿಯವರ ಠೇವಣಿಗೆ ಮರಳಿದೆ; ಎರಡೂವರೆ ಲಕ್ಷ ಬಾಕಿಯಿದೆ. ಹೊಸ ದೋಣಿಗೆ ಎಂಟೂವರೆ ಲಕ್ಷ ಸಾಲ ಮಾಡಿದ್ದರೆ ಇದೇ ಆದಾಯದಲ್ಲಿ ಕಂತು ಕಟ್ಟುವುದೂ ಕಷ್ಟವಿತ್ತು.

ಓದುಗರಲ್ಲಿ ದೋಣಿಯುಳ್ಳವರು ಕೆಲವರೇ ಇರಬಹುದು. ಆದರೆ ಹಳೆಯ ಲೇತು, ನಿಂತುಹೋದ ಅಕ್ಕಿ ಗಿರಣಿ, ಮೂಲೆ ಸೇರಿದ ಜನರೇಟರು ಇಲ್ಲದ ಉದ್ದಿಮೆದಾರರು ವಿರಳ. ಅವುಗಳಿಗೆ ಕೈಹಾಕುವ ಮುನ್ನ, ಬಲ್ಲವರಿಂದ ಬಿಚ್ಚಿಸಿ ನೋಡುವ ಮೊದಲು ಯಾವ ಬಿಡಿಭಾಗವನ್ನೂ ಕೊಳ್ಳಬೇಡಿ. ಅಂದಾಜಿನ ಮೇಲೆ ಕಾಲು ಭಾಗವನ್ನು ಮೀಸಲಿಡಿ. ನಿಲ್ಲಿಸುವ ಮಿತಿಯನ್ನು ಮೊದಲೇ ಬರೆದಿಡಿ. ರಿಯಾಯಿತಿಗಾಗಲೀ ಮಾರ್ಚ್ 31ಕ್ಕಾಗಲೀ ಕೆಲಸದ ಕ್ರಮವನ್ನು ಬದಲಿಸಬೇಡಿ. ನಿಮ್ಮ ಲೆಕ್ಕಪರಿಶೋಧಕರೇ ಹೇಳಿದರೂ ಸಹ.