ಕಡಲೂರಿಗೆ ಹೊರಟಿರಾ? ಮೊದಲು ಕ್ಯಾಲೆಂಡರ್ ನೋಡಿ

ರಜೆ ಬಂತೆಂದರೆ ಮಕ್ಕಳದ್ದು ಒಂದೇ ರಾಗ, 'ಅಮ್ಮಾ, ಬೀಚ್‌ಗೆ ಹೋಗೋಣ'. ನಾವೂ ಅಷ್ಟೇ. ಟಿಕೆಟ್ಟು, ರೂಮು, ಚಕ್ಕುಲಿ ಡಬ್ಬಿ ಎಲ್ಲ ಹೊಂದಿಸಿಕೊಂಡು ಹೋಗಿ, ಸೂರ್ಯಾಸ್ತ ನೋಡಿ, ಚುರುಮುರಿ ತಿಂದು ವಾಪಸ್ ಬರ್ತೀವಿ. ಆದರೆ ಉತ್ತರ ಕನ್ನಡದ ಕರಾವಳಿ ಬರೀ ಮರಳಲ್ಲ. ಹೊನ್ನಾವರದಿಂದ ಕಾರವಾರದವರೆಗೆ ಸುಮಾರು 90 ಕಿ.ಮೀ. ದಾರಿ. ಅಷ್ಟರಲ್ಲೇ ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ ನಾಲ್ಕೂ ನದಿಗಳು ಸಮುದ್ರ ಸೇರುತ್ತವೆ. ಅಳಿವೆಗಳಲ್ಲಿ ಕಾಂಡ್ಲಾ ಕಾಡು, ಬಂಡೆ ಸಂದಿಯಲ್ಲಿ ಏಡಿಗಳ ಸಂಸಾರ, ಆಚೆ ಡಾಲ್ಫಿನ್. ಇವನ್ನೆಲ್ಲ ಮಕ್ಕಳಿಗೆ ತೋರಿಸಬೇಕೆಂದರೆ ರೂಮಿಗಿಂತ ಮೊದಲು ನೋಡಬೇಕಾದ್ದು ಉಬ್ಬರ-ಇಳಿತದ ಹೊತ್ತು.

ಇದೇನು ಕಷ್ಟದ ಲೆಕ್ಕ ಅಲ್ಲ. ದಿನಕ್ಕೆ ಎರಡು ಸಲ ನೀರು ಏರುತ್ತೆ, ಎರಡು ಸಲ ಇಳಿಯುತ್ತೆ. ಇವತ್ತಿನ ಹೊತ್ತಿಗಿಂತ ನಾಳೆ ಸುಮಾರು 50 ನಿಮಿಷ ತಡ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಏರುವುದೂ ಜಾಸ್ತಿ, ಇಳಿಯುವುದೂ ಜಾಸ್ತಿ. ಅಡುಗೆಮನೆ ಗೋಡೆಯ ಕ್ಯಾಲೆಂಡರ್ ನೋಡಿ ಆ ದಿನಗಳಿಗೆ ಹೊಂದಿಸಿಕೊಂಡರೆ ಅರ್ಧ ಕೆಲಸ ಮುಗಿಯಿತು. ಸರಿಯಾದ ಹೊತ್ತು ಇಂಟರ್‌ನೆಟ್‌ನಲ್ಲಿ ಸಿಗುತ್ತದೆ. ಇಲ್ಲವೇ ಊರಿನ ಮೀನುಗಾರರನ್ನು ಕೇಳಿ, ಗಡಿಯಾರ ನೋಡದೆ ಹೇಳುತ್ತಾರೆ!

ತಿಂಗಳು ಯಾವುದು? ನವೆಂಬರ್‌ನಿಂದ ಫೆಬ್ರುವರಿ. ಜೂನ್, ಜುಲೈ ಬೇಡವೇ ಬೇಡ, ಆಗ ಮೀನುಗಾರಿಕೆ ದೋಣಿಗಳೇ ದಡ ಸೇರಿರುತ್ತವೆ. ಕ್ರಿಸ್‌ಮಸ್ ವಾರ ಮಾತ್ರ ಬಿಟ್ಟುಬಿಡಿ, ಗೋಕರ್ಣದಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

ಹೊನ್ನಾವರದಲ್ಲಿ ಎರಡು ರಾತ್ರಿ ಉಳಿಯಿರಿ. ಶರಾವತಿ ಅಳಿವೆಯ ಕಾಂಡ್ಲಾ ಕಾಡಿನೊಳಗೆ ಮರದ ಹಲಗೆಯ ಕಾಲುದಾರಿ ಇದೆ. ತುಂಬಾ ಜನ ಉಬ್ಬರದ ಹೊತ್ತಿಗೆ ಹೋಗಿ, ಫೋಟೊ ತೆಗೆದುಕೊಂಡು ಬರುತ್ತಾರೆ. ಇಳಿತದಲ್ಲಿ ಹೋಗಿ ನೋಡಿ. ಕೆಸರಿನಿಂದ ಪೆನ್ಸಿಲ್ ನೆಟ್ಟ ಹಾಗೆ ಮೇಲೆದ್ದ ಉಸಿರಾಡುವ ಬೇರುಗಳು, ಒಂದೇ ಕೊಂಬು ದೊಡ್ಡದಾಗಿರುವ ಏಡಿಗಳು, ನೀರು ಬಿಟ್ಟು ಕೆಸರಲ್ಲಿ ಕುಪ್ಪಳಿಸುವ ಮೀನು ಎಲ್ಲ ಕಾಣುತ್ತವೆ. ಕಾಂಡ್ಲಾದಲ್ಲಿ ಕೆಲವು ಜಾತಿಯ ಬೀಜ ಮರದಲ್ಲಿದ್ದಾಗಲೇ ಮೊಳಕೆಯೊಡೆದು, ನುಗ್ಗೆಕಾಯಿಯಂತೆ ಜೋತಾಡುತ್ತಿರುತ್ತದೆ. ಮಕ್ಕಳಿಗೆ ಇದನ್ನು ತಪ್ಪದೆ ತೋರಿಸಿ. ಮರಳದಂಡೆಯಲ್ಲಿ ಗುಂಪಾಗಿ ಕೂತ ಕಡಲಕ್ಕಿಗಳಲ್ಲಿ ಲಡಾಖ್, ಮಧ್ಯ ಏಷ್ಯಾದ ಕಡೆಯಿಂದ ಚಳಿಗಾಲ ಕಳೆಯಲು ಬಂದವೂ ಇರುತ್ತವೆ.

ಬಂಡೆಗಳ ನಡುವಿನ ಹೊಂಡ ನೋಡಲೂ ಇಳಿತವೇ ಸರಿ. ಬರಿಗಾಲು ಬೇಡ, ಬಂಡೆಗೆ ಅಂಟಿದ ಚಿಪ್ಪುಗಳು ಕತ್ತರಿಸಿಬಿಡುತ್ತವೆ. ಬೆಲ್ಟಿರುವ ಹಳೇ ಚಪ್ಪಲಿ ಸಾಕು. ಎತ್ತಿದ ಕಲ್ಲನ್ನು ಮೊದಲಿದ್ದ ಹಾಗೇ ಇಡಿ. ಚಂದದ ಶಂಖ ಅಂತ ಚೀಲಕ್ಕೆ ಹಾಕಬೇಡಿ. ಸನ್ಯಾಸಿ ಏಡಿಗೆ ಖಾಲಿ ಶಂಖವೇ ಮನೆ.

ನೀರು ಏರಲು ಶುರುವಾದ ಕೂಡಲೇ ಬಂಡೆಯಿಂದ ಈಚೆ ಬಂದುಬಿಡಿ. ಆಟ ಆಡುತ್ತಿದ್ದ ಬಂಡೆಯ ಸುತ್ತ ನೀರು ಬಂದದ್ದು ಎಷ್ಟೋ ಜನಕ್ಕೆ ಗೊತ್ತೇ ಆಗುವುದಿಲ್ಲ. ಈಜಲು ಇಳಿಯುವವರಿಗೂ ಒಂದು ಮಾತು. ಎರಡೂ ಬದಿ ಅಲೆ ಒಡೆಯುತ್ತಿದ್ದು, ನಡುವೆ ಒಂದು ಕಡೆ ಮಾತ್ರ ನೀರು ಶಾಂತವಾಗಿ ಕಂಡರೆ ಅದೇ ಸುರಕ್ಷಿತ ಜಾಗ ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಸಮುದ್ರ ಒಳಕ್ಕೆ ಸೆಳೆಯುವುದು ಅಲ್ಲೇ. ಸಿಕ್ಕಿಕೊಂಡರೆ ದಡದ ಕಡೆ ಗುದ್ದಾಡದೆ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಬೇಕು. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ನಾಲ್ವರು ಹೆಣ್ಣುಮಕ್ಕಳು ನೀರುಪಾಲಾದರು. ಜೀವರಕ್ಷಕರು ಬೇಡ ಎಂದರೆ 'ಐದೇ ನಿಮಿಷ ಸಾರ್' ಎಂದು ಗೋಗರೆಯಬೇಡಿ. ಈಜು ಬಾರದ ಮಕ್ಕಳಿಗೆ ಮೊಣಕಾಲು ಮಟ್ಟದ ನೀರೂ ಜಾಸ್ತಿಯೇ, ಕೈ ಹಿಡಿದೇ ಇರಿ.

ಈ ಚಳಿಗಾಲದಲ್ಲೇ ಆಲಿವ್ ರಿಡ್ಲೆ ಕಡಲಾಮೆಗಳು ರಾತ್ರಿ ದಡಕ್ಕೆ ಬಂದು ಮರಳಲ್ಲಿ ಗುಂಡಿ ತೋಡಿ ನೂರರಷ್ಟು ಮೊಟ್ಟೆ ಇಡುತ್ತವೆ. ಮರಿಯಾಗಲು 45ರಿಂದ 60 ದಿನ. ಮರಿಗಳು ಬೆಳಕು ಕಂಡತ್ತ ಹೋಗುವ ಜಾತಿ. ಅದಕ್ಕೇ ದಡದಲ್ಲಿ ಬೆಂಕಿ ಹಾಕುವುದು, ಟಾರ್ಚು, ಮೊಬೈಲ್ ಫ್ಲ್ಯಾಶ್ ಯಾವುದೂ ಬೇಡ. ಬಲೆ ಕಟ್ಟಿದ ಗೂಡು ಕಂಡರೆ ದೂರದಿಂದಲೇ ನೋಡಿ. ಬಲೆಯಿಲ್ಲದ ಗೂಡೋ, ಆಮೆಯೋ ಕಂಡರೆ ಮುಟ್ಟದೆ ಅರಣ್ಯ ಇಲಾಖೆಯವರಿಗೆ ಫೋನ್ ಮಾಡಿ. ಮರಿಗಳನ್ನು ಕಡಲಿಗೆ ಬಿಡುವ ದಿನ ನೀವಲ್ಲೇ ಇದ್ದರೆ ನೋಡಬಹುದೇ ಅಂತ ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿ, ಕೇಳುವುದರಲ್ಲಿ ತಪ್ಪೇನಿಲ್ಲ.

ಕಾರವಾರದಲ್ಲಿ ಡಾಲ್ಫಿನ್ ನೋಡಲು ಬೆಳಿಗ್ಗೆಯ ದೋಣಿ ಹಿಡಿಯಿರಿ, ಗಾಳಿ ಕಡಿಮೆ. 'ಇನ್ನೂ ಹತ್ತಿರ ಹೋಗಣ್ಣ' ಅಂತ ದೋಣಿಯವರನ್ನು ಒತ್ತಾಯಿಸಬೇಡಿ. ಅಟ್ಟಿಸಿಕೊಂಡು ಹೋದರೆ ಅವು ಮುಳುಗಿ ದೂರ ಹೋಗುತ್ತವೆ. ಇಂಜಿನ್ ನಿಲ್ಲಿಸಿ ಕಾದರೆ ತಾವಾಗಿ ಹತ್ತಿರ ಬರುವುದೂ ಉಂಟು. ಮಕ್ಕಳ ಅಳತೆಯ ಲೈಫ್ ಜಾಕೆಟ್ ಇದೆಯಾ ಅಂತ ಹಣ ಕೊಡುವ ಮುಂಚೆಯೇ ಕೇಳಿ. ದೊಡ್ಡವರದ್ದು ಹಾಕಿದರೆ ನೀರಲ್ಲಿ ತಲೆಯ ಮೇಲಿಂದ ಕಳಚಿಕೊಳ್ಳುತ್ತದೆ. ಆ ದಿನ ಸೀರೆ ಬೇಡ, ಚೂಡಿದಾರವೇ ಅನುಕೂಲ. ದುಪಟ್ಟಾ ಮಾತ್ರ ರೂಮಿನಲ್ಲೇ ಇರಲಿ.

ಇನ್ನು ನಮ್ಮ ಹೆಂಗಸರ ತಾಪತ್ರಯ. ಬಂಡೆ, ಅಳಿವೆಗಳ ಹತ್ತಿರ ಶೌಚಾಲಯ ಸಿಗುವುದು ಕಷ್ಟ. ಹಾಗಂತ ನೀರು ಕುಡಿಯದೆ ಇರುವುದು ತಪ್ಪು, ಕರಾವಳಿಯ ಸೆಕೆಗೆ ತಲೆ ಸುತ್ತು ಬರುತ್ತದೆ. ಎರಡು ಗಂಟೆಗೊಮ್ಮೆ ಊರಿನ ಕಡೆ ಬರುವ ಹಾಗೆ ಓಡಾಟ ಹೊಂದಿಸಿಕೊಳ್ಳಿ. ಬೆಂಗಳೂರಿನಿಂದ ಪಂಚಗಂಗಾ ಎಕ್ಸ್‌ಪ್ರೆಸ್ ರಾತ್ರಿ ಹತ್ತಿದರೆ ಬೆಳಿಗ್ಗೆ ಕರಾವಳಿಯಲ್ಲಿರುತ್ತೀರಿ. ಹೊನ್ನಾವರದಲ್ಲಿ ಇಳಿದು, ವಾಪಸ್ ಕಾರವಾರದಿಂದ ಹತ್ತಿ. ಟಿಕೆಟ್ ಮಾತ್ರ ಬೇಗ ಮಾಡಿಸಿ, ರಜೆಯಲ್ಲಿ ಸಿಗುವುದಿಲ್ಲ.