ಗೇರುಗುಡ್ಡದ ಬುಡದಲ್ಲಿ ಉರ್ರಾಕ್

ಏಪ್ರಿಲ್ ತಿಂಗಳ ನಡುಹಗಲು. ದಕ್ಷಿಣ ಗೋವಾದ ಕಾಣಕೋಣದ ಕಡೆ, ಗುಡ್ಡದ ಬುಡದ ಹಂಚಿನ ಮನೆಗಳಲ್ಲಿ ಊಟಕ್ಕೆ ಇನ್ನೂ ಹೊತ್ತಿದೆ. ಮರದಡಿ ಬಿದ್ದು ಬಿಸಿಲಿಗೆ ಕಾದ ಗೇರುಹಣ್ಣಿನ ಘಾಟು ಜಗಲಿಯ ತನಕ ಬಂದು ಮುಟ್ಟಿದೆ. ಮೇಜಿನ ಮೇಲೆ ಹೆಸರುಚೀಟಿ ಇಲ್ಲದ ಒಂದು ಬಾಟಲಿ. ಒಳಗಿರುವುದು ನೀರಿನಷ್ಟೇ ತಿಳಿಯಾದ ಗೇರುಹಣ್ಣಿನ ಮದ್ಯ, ಉರ್ರಾಕ್.

ಬೆರೆಸುವ ಕೆಲಸ ಮನೆಯ ಹಿರಿಯರದು. ಉದ್ದನೆಯ ಗಾಜಿನ ಲೋಟದ ತಳಕ್ಕೆ ಮೊದಲು ಒಂದು ಚಿಟಿಕೆ ಉಪ್ಪು. ಅರ್ಧ ಲಿಂಬೆಯನ್ನು ಹಿಂಡಿ ಸಿಪ್ಪೆಯನ್ನೂ ಒಳಗೇ ಹಾಕುತ್ತಾರೆ. ಹಸಿಮೆಣಸನ್ನು ತುದಿಯಿಂದ ತೊಟ್ಟಿನವರೆಗೆ ಸೀಳುತ್ತಾರೆ. ತೊಟ್ಟು ಮಾತ್ರ ಹಾಗೇ ಇರಬೇಕು, ಇಲ್ಲವಾದರೆ ಬೀಜವೆಲ್ಲ ಚದುರುತ್ತದೆ. ಐಸ್ ತುಂಬಿ, ಲೋಟದ ಮೂರನೇ ಒಂದು ಪಾಲು ಉರ್ರಾಕ್ ಸುರಿದು, ಮೇಲಿನಿಂದ ಲಿಮ್ಕಾ ಹೊಯ್ಯುತ್ತಾರೆ. ಗುಳ್ಳೆಗಳು ಮೆಣಸಿನ ಸೀಳಿಗೆ ಮುತ್ತಿ, ಅದನ್ನು ನಿಧಾನಕ್ಕೆ ಮೇಲೆತ್ತುತ್ತವೆ. ಕಲಕುವುದು ಒಂದೇ ಸುತ್ತು.

ನಾಲಿಗೆಗೆ ಮೊದಲು ತಾಗುವುದು ಲಿಂಬೆಯ ಹುಳಿ. ಆಮೇಲೆ ಹಣ್ಣಿನ ಪರಿಮಳ ಮೂಗಿಗೆ ಏರುತ್ತದೆ. ನುಂಗಿದ ಮೇಲೆ ಗಂಟಲಿನ ಹಿಂಬದಿಯಲ್ಲಿ ಖಾರ. ಲಿಮ್ಕಾ ಹೆಚ್ಚಾದರೆ ಎಲ್ಲವೂ ಕೆಟ್ಟಿತು, ಸಿಹಿನೀರಷ್ಟೇ ಉಳಿಯುತ್ತದೆ. ಅರ್ಧ ಲಿಮ್ಕಾ, ಅರ್ಧ ಸೋಡಾ ಎಂಬುದೇ ನನ್ನ ಪಕ್ಷ. ಮೆಣಸು ಬಿಡುವುದಂತೂ ಕೂಡದು. ಹಣ್ಣಿನ ಸಿಹಿಯನ್ನು ಹದದಲ್ಲಿ ಹಿಡಿಯುವುದೇ ಅದು.

ಗೇರುಮರವನ್ನು ಬ್ರೆಜಿಲ್‌ನಿಂದ ಈ ಕರಾವಳಿಗೆ ತಂದವರು 16ನೇ ಶತಮಾನದ ಪೋರ್ಚುಗೀಸರು. ಉರ್ರಾಕ್‌ಗೆ ಹಣ್ಣನ್ನು ಕೊಯ್ಯುವುದಿಲ್ಲ. ತಾನಾಗಿ ಉದುರಿದ್ದನ್ನಷ್ಟೇ ಆಯುತ್ತಾರೆ. ಬೀಜ ತಿರುಚಿ ತೆಗೆದು, ಬಂಡೆಯಲ್ಲಿ ಕಡೆದ ‘ಕೊಳಂಬಿ’ ಎಂಬ ತೊಟ್ಟಿಯಲ್ಲಿ ಹಾಕಿ ಕಾಲಿನಿಂದ ತುಳಿಯುತ್ತಾರೆ. ಉಳಿದ ಸಿಪ್ಪೆಯನ್ನು ಗುಡ್ಡೆ ಮಾಡಿ, ಬಳ್ಳಿ ಸುತ್ತಿ, ಮೇಲೊಂದು ಭಾರದ ಕಲ್ಲು ಹೇರಿದರೆ ತಿಳಿರಸ ತೊಟ್ಟು ತೊಟ್ಟಾಗಿ ಇಳಿಯುತ್ತದೆ. ಅದು ನೀರೊ. ಅದರಲ್ಲಿ ಅಮಲಿಲ್ಲ, ಮಕ್ಕಳೂ ಕುಡಿಯುತ್ತಾರೆ. ತುಳಿದ ರಸವನ್ನು ಮೂರು ದಿನದಷ್ಟು ಹುಳಿಬರಿಸಿ ಭಟ್ಟಿಗೆ ಏರಿಸುತ್ತಾರೆ. ಮೊದಲ ಸುತ್ತಿನಲ್ಲಿ ಇಳಿಯುವ ಉರ್ರಾಕ್‌ನಲ್ಲಿ ಮದ್ಯಸಾರ ಶೇ 15ರ ಆಸುಪಾಸು. ಅದನ್ನೇ ಹೊಸ ಹುಳಿರಸದೊಂದಿಗೆ ಮತ್ತೆ ಕಾಯಿಸಿದರೆ ಶೇ 40 ದಾಟುವ ಫೆನಿ. 2009ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿದ್ದು ಈ ಫೆನಿಗೆ. ಫೆನಿಯನ್ನು ವರ್ಷಗಟ್ಟಲೆ ಇಡಬಹುದು. ಉರ್ರಾಕ್ ಹಾಗಲ್ಲ, ಬೇಸಿಗೆಯದೇ ಪಾನೀಯ. ಮಳೆ ಹಿಡಿಯುವುದರೊಳಗೆ ಮುಗಿಯಬೇಕು.

ಮಾಜಾಳಿಯ ಚೆಕ್‌ಪೋಸ್ಟ್ ದಾಟಿ ಕರ್ನಾಟಕಕ್ಕೆ ಬಂದರೆ ಅದೇ ಗುಡ್ಡ, ಅದೇ ಮರ. ಪರವಾನಗಿ ಇಲ್ಲದೆ ಬಾಟಲಿಯನ್ನು ಈಚೆ ತರುವಂತಿಲ್ಲ, ಅದು ಸರಿ. ಸಂಕಟವಾಗುವುದು ಬೇರೆಯದಕ್ಕೆ. ಕಾರವಾರದಿಂದ ಪುತ್ತೂರಿನವರೆಗೆ ಬೀಜಕ್ಕೆ ಬೆಲೆಯಿದೆ, ಹಣ್ಣಿಗಿಲ್ಲ. ಕೆಂಪು, ಹಳದಿ ರಾಶಿ ಮರದ ಬುಡದಲ್ಲೇ ಕೊಳೆಯುತ್ತದೆ, ನೊಣ ಮುತ್ತುತ್ತದೆ. ಕಿತ್ತಳೆಗಿಂತ ಹಲವು ಪಟ್ಟು ಸಿ ಜೀವಸತ್ವ ಇರುವ ಹಣ್ಣು ಅದು. ಗಂಟಲು ಕೆರೆಯುತ್ತದೆ ಎಂಬ ದೂರು ನಿಜವೇ; ಅದಕ್ಕೆ ಕಾರಣ ಹಣ್ಣಿನ ಒಗರಿನಲ್ಲಿರುವ ಟ್ಯಾನಿನ್. ಅದಕ್ಕೆ ಮನೆಯಲ್ಲೇ ಉಪಾಯವಿದೆ. ಹಿಂಡಿದ ರಸಕ್ಕೆ ಗಂಜಿತಿಳಿ ಬೆರೆಸಿ ಅಲುಗಿಸದೆ ಇಟ್ಟರೆ ಒಗರು ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನು ಬಗ್ಗಿಸಿ, ತೆಳು ಬಟ್ಟೆಯಲ್ಲಿ ಸೋಸಿದರಾಯಿತು.

ಆ ತಿಳಿರಸಕ್ಕೆ ಕಾಣಕೋಣದವರ ಹಾಗೆಯೇ ಉಪ್ಪು, ಲಿಂಬೆ, ಸೀಳಿದ ಮೆಣಸು, ಐಸ್ ಹಾಕಿ. ಮೇಲೆ ಸೋಡಾ ಹೊಯ್ಯಿರಿ. ಮದ್ಯದ ಹನಿಯೂ ಇಲ್ಲದೆ ಮನೆಮಂದಿಯೆಲ್ಲ ಕುಡಿಯಬಹುದು. ಬಟ್ಟೆಗೆ ತಾಗಿಸಿಕೊಳ್ಳಬೇಡಿ, ಗೇರಿನ ಕಲೆ ಹೋಗುವುದಿಲ್ಲ. ನಾಳೆಗೆಂದು ಎತ್ತಿಡಲೂ ಬೇಡಿ; ಈ ರಸ ಬೇಗ ಹುಳಿಯಾಗುತ್ತದೆ, ಹಿಂಡಿದ ದಿನವೇ ಕುಡಿದು ಮುಗಿಸಿ.