ಬೇಲಿಯ ಬಣ್ಣದ ಜೇಡಗಳು

ಕಡ್ಲೆಕಾಯಿ ಬಲಿಯುವ ಹೊತ್ತಿಗೆ ಮಡಕಶಿರದ ಹೊಲದ ಬದುಗಳಲ್ಲಿ ಜೇಡಗಳೂ ಮೈತುಂಬಿಕೊಂಡಿರುತ್ತವೆ. ಸೆಪ್ಟೆಂಬರಿನಿಂದ ನವೆಂಬರ್‌ವರೆಗೆ ಬಿಸಿಲೇರುವ ಮುನ್ನ ಬೇಲಿಯ ಪಕ್ಕ ನಿಧಾನವಾಗಿ ನಡೆದರೆ ಬೇಕಾದಷ್ಟು ಕಾಣುತ್ತವೆ. ಗುರುತು ಹಿಡಿಯುವಾಗ ಬಣ್ಣವನ್ನು ಕೊನೆಗೆ ನೋಡಿ. ಬಲೆ ಇದೆಯೇ, ಹೇಗೆ ಕೂತಿದೆ, ಕಣ್ಣು ಎಂಥವು ಎನ್ನುವುದು ಮೊದಲು.

ಕತ್ತಾಳೆ, ಪಾಪಸ್‌ಕಳ್ಳಿಗಳ ನಡುವೆ ಚಕ್ರದಂಥ ಬಲೆ ಕಟ್ಟಿ, ತಲೆ ಕೆಳಗೆ ಮಾಡಿ ಕೂತಿರುವುದು ಸಹಿ ಜೇಡ, ಶಾಸ್ತ್ರದ ಹೆಸರು ಆರ್ಜಿಯೋಪ್ ಅನಸುಜ. ಬೆನ್ನಿನ ಮೇಲೆ ಹಳದಿ, ಕಂದು ಅಡ್ಡಪಟ್ಟೆ. ಎಂಟು ಕಾಲುಗಳನ್ನು ಎರಡೆರಡಾಗಿ ಜೋಡಿಸಿಕೊಳ್ಳುವುದರಿಂದ ನಾಲ್ಕೇ ಕಾಲು ಇದ್ದಂತೆ ತೋರುತ್ತದೆ. ಆ ಕಾಲುಗಳ ನೇರಕ್ಕೇ ಬಲೆಯಲ್ಲಿ ದಪ್ಪ ಬಿಳಿ ನೂಲಿನ ಅಂಕುಡೊಂಕು ಗೀಟುಗಳಿರುತ್ತವೆ. ಒಮ್ಮೆ ನಾಲ್ಕೂ ಕಡೆ, ಒಮ್ಮೆ ಒಂದೇ ಕಡೆ, ಕೆಲವು ಬಲೆಗಳಲ್ಲಿ ಇರುವುದೇ ಇಲ್ಲ. ಹುಳುಗಳನ್ನು ಸೆಳೆಯಲು ಎನ್ನುವವರಿದ್ದಾರೆ, ಹಕ್ಕಿಗಳು ನುಗ್ಗಿ ಬಲೆ ಹರಿಯದಿರಲಿ ಎಂದು ಎನ್ನುವವರೂ ಇದ್ದಾರೆ. ವಾದ ಇನ್ನೂ ಮುಗಿದಿಲ್ಲ. ಬಲೆಯನ್ನು ಮೆಲ್ಲಗೆ ಮುಟ್ಟಿದರೆ ಜೇಡ ಇಡೀ ಬಲೆಯನ್ನೇ ಜೋಕಾಲಿಯಂತೆ ತೂಗುತ್ತದೆ, ಕಣ್ಣಿಗೆ ಆಕಾರವೇ ಸಿಗುವುದಿಲ್ಲ. ಇಷ್ಟೆಲ್ಲ ಹೆಣ್ಣಿನ ಕತೆ. ಬಲೆಯ ಅಂಚಿನಲ್ಲಿ ಅದರ ಅರ್ಧದಷ್ಟೂ ಇಲ್ಲದ ಮಾಸಲು ಜೇಡವೊಂದಿದ್ದರೆ ಅದು ಗಂಡು.

ಬಣ್ಣವನ್ನು ಕೊನೆಗೆ ನೋಡಿ ಎಂದದ್ದು ಏಡಿ ಜೇಡದ ಕಾರಣಕ್ಕೆ. ಇದಕ್ಕೆ ಬಲೆಯಿಲ್ಲ. ತಂಗಡಿ ಹೂವಿನ ಮೇಲೆ ಮುಂದಿನ ಎರಡು ಜೊತೆ ಉದ್ದ ಕಾಲುಗಳನ್ನು ಅಗಲಿಸಿ ಕಾಯುತ್ತದೆ, ಏಡಿಯ ಹಾಗೆ ಅಡ್ಡಡ್ಡ ನಡೆಯುತ್ತದೆ. ಈ ಗುಂಪಿನ ಕೆಲವು ಜೇಡಗಳು ಬಿಳಿ ಹೂವಿನಲ್ಲಿ ಬಿಳಿಯಾಗಿದ್ದು, ಹಳದಿ ಹೂವಿಗೆ ಬಂದ ಕೆಲವೇ ದಿನಗಳಲ್ಲಿ ಹಳದಿಯಾಗುತ್ತವೆ. ಹೂವಿನ ಮೇಲೆ ಜೇನ್ನೊಣ ಅಲುಗಾಡದೆ ಕೂತಿದ್ದರೆ ಬಗ್ಗಿ ನೋಡಿ, ಕೆಳಗೆ ಇದೇ ಇರುತ್ತದೆ.

ಎಲೆಹಸಿರು ಮೈ, ಕಾಲ ತುಂಬ ಕಪ್ಪು ಮುಳ್ಳು, ಎಲೆಯಿಂದೆಲೆಗೆ ಓಟ ಇದ್ದರೆ ಅದು ಪ್ಯೂಸೆಷಿಯಾ. ಇನ್ನು, ಮುಖದಲ್ಲಿ ಎರಡು ದೊಡ್ಡ ಕಣ್ಣು ಬಿಟ್ಟುಕೊಂಡು ನಿಮ್ಮತ್ತಲೇ ತಿರುಗುವುದು ನೆಗೆಯುವ ಜೇಡ. ಅವುಗಳಲ್ಲಿ ಒಂದಾದ ಟೆಲಮೋನಿಯಾದ ಹಳದಿ ಹೆಣ್ಣಿಗೆ ಬೆನ್ನುದ್ದಕ್ಕೂ ಎರಡು ಕೆಂಪು ಗೆರೆ. ಶೌಚಾಲಯದಲ್ಲಿ ಕಚ್ಚಿ ಜನರನ್ನು ಕೊಂದಿತೆಂದು ಇಮೇಲ್‌ಗಳಲ್ಲಿ ಸುಳ್ಳುಸುದ್ದಿ ಹರಿದಾಡಿದ್ದು ಈ ಪಾಪದ ಜೀವಿಯ ಮೇಲೆ! ಬಣ್ಣ ಗಾಢವಾದಷ್ಟೂ ವಿಷ ಹೆಚ್ಚೆನ್ನುವ ಲೆಕ್ಕ ಜೇಡಗಳಿಗೆ ನಡೆಯುವುದಿಲ್ಲ. ಈವರೆಗೆ ಹೇಳಿದ ಯಾವುದೂ ಮನುಷ್ಯರಿಗೆ ಅಪಾಯಕಾರಿಯಲ್ಲ. ಹಾಗೆಂದು ಕೈಯಲ್ಲಿ ಹಿಸುಕಲು ಹೋಗಬೇಡಿ.

ಮೊದಲ ಮಳೆಗೆ ಕೆಮ್ಮಣ್ಣಿನಲ್ಲಿ ಹರಿದಾಡುವ ಮಖಮಲ್ಲಿನಂಥ ಕೆಂಪು ಹುಳುವಿಗೂ ಎಂಟೇ ಕಾಲು. ಆದರೆ ಜೇಡದ ಮೈ ಎರಡು ಭಾಗ, ಇದರದ್ದು ಒಂದೇ ಉಂಡೆ. ಇದು ಉಣ್ಣೆ, ನುಸಿಗಳ ಬಳಗದ್ದು.

ಮಡಕಶಿರದ ನೆರೆಯ ಅನಂತಪುರ ಜಿಲ್ಲೆಯ ಗುತ್ತಿಯ ಹೆಸರು ಜಗತ್ತಿನ ಜೇಡಪ್ರಿಯರಿಗೆಲ್ಲ ಗೊತ್ತಿರುವುದು ಬೇರೊಂದು ಜೇಡದಿಂದ. ಅಲ್ಲಿ ರೈಲ್ವೆಯ ಮರದ ದಿಮ್ಮಿಗಳ ಅಂಗಳದಲ್ಲಿ ಸಿಕ್ಕ ಉಜ್ವಲ ನೀಲಿಯ ದೊಡ್ಡ ಜೇಡವನ್ನು 1899ರಲ್ಲಿ ಪೊಕಾಕ್ ಎಂಬ ವಿಜ್ಞಾನಿ ಪೊಸಿಲೊಥೀರಿಯಾ ಮೆಟಾಲಿಕಾ ಎಂದು ಹೆಸರಿಸಿದ. ಆ ನೀಲಿ ಬಣ್ಣದ್ರವ್ಯವಲ್ಲ, ಕೂದಲಿನ ಅತಿಸೂಕ್ಷ್ಮ ರಚನೆಯಲ್ಲಿ ಬೆಳಕು ಆಡುವ ಆಟ. ಗುತ್ತಿಯ ಬಯಲಿನಲ್ಲಿ ಅದು ವಾಸಿಸುವಂಥ ಕಾಡಿಲ್ಲ. ಮರದ ದಿಮ್ಮಿಯೊಳಗೆ ರೈಲೇರಿ ಬಂದಿರಬೇಕು. ನೂರು ವರ್ಷ ಕಳೆದ ಮೇಲೆ, 2001ರಲ್ಲಿ, ನಂದ್ಯಾಲ–ಗಿದ್ದಲೂರು ನಡುವಣ ಕಾಡಿನ ಮರದ ಪೊಟರೆಗಳಲ್ಲಿ ಮತ್ತೆ ಪತ್ತೆಯಾಯಿತು.